ಮೂರನೆಯ ಪೈಪು

ಟ್ಯಾಂಕಿನ ನೆತ್ತಿಯಲ್ಲಿ ಮೂರು ಪೈಪುಗಳ ಮೊಳಕೆ.
ಒಂದು ಪೆಟ್ರೋಲು ಒಯ್ಯುವುದು,
ಒಂದು ಮಿಕ್ಕಿದ್ದನ್ನು ವಾಪಸು ತರುವುದು,
ಇನ್ನೊಂದು ಯಾತಕ್ಕೋ ದಸ್ತಗೀರನಿಗೂ ತಿಳಿಯದು.
"ಎಲ್ಲಕ್ಕೂ ಒಂದೇ ಹಸಿರು ಬಳಿದವ್ರೆ ನೋಡಿ, ಮಿಲಿಟರಿಯೋರು."

ಕಲಾಸಿಪಾಳ್ಯದ ಹಿಂದೆ, ಟಾರ್ಪಾಲಿನ ನೆರಳಲ್ಲಿ
ನಾಲ್ಕು ಸೈಜುಗಲ್ಲಿನ ಮೇಲೆ ಕೂತಿದೆ ಲಾರಿ,
ಒಂದು ಟನ್ನಿನದು, ಹರಾಜಿನ ಮಾಲು.
ಬಾಣಸವಾಡಿಯ ಗೋವಿಂದಸ್ವಾಮಿ ಇದರಲ್ಲಿ
ಶಾಮಿಯಾನದ ಕಂಬ, ಮಡಿಸುವ ಕುರ್ಚಿ ಹೊರಿಸುತ್ತಿದ್ದ.
ಎಂಟು ಮೈಲಿ ಓಡುವುದು, ಕೆಮ್ಮುವುದು, ನಿಲ್ಲುವುದು.
ಅರ್ಧ ಗಂಟೆ ಬಿಟ್ಟರೆ
ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟು.
ಎರಡು ಪಂಪು ಬದಲಾಯಿಸಿದ,
ಕಾರ್ಬುರೇಟರು ಎಷ್ಟು ಸಲ ಬಿಚ್ಚಿಸಿದನೋ,
ಬಂಪರಿನ ಮುಂದೆ ಬೂದುಗುಂಬಳ ಒಡೆದ.
ಯಾರದೋ ಧಾರೆಗೆ ಕುರ್ಚಿ ತಲುಪದೆ
ಬೀಗರು ನಿಂತೇ ಉಂಡ ಮಾರನೆಯ ದಿನ
ಶನಿ ಎಂದು ಉಗಿದು, ಕೇಳಿದ ರೇಟಿಗೆ ಕೊಟ್ಟುಬಿಟ್ಟ.

ನಾನು ಮೂವತ್ತೊಂದು ವರ್ಷ ಊರಿಗೆ ನೀರು ಬಿಟ್ಟವನು,
ವಾಲ್ವ್‌ಮ್ಯಾನ್ ಚೆನ್ನಿಗಪ್ಪ.
ಚಾಮರಾಜಪೇಟೆಯಲ್ಲಿ ಯಾವ ಪೈಪು
ಯಾರ ಬಚ್ಚಲ ಕೆಳಗೆ ಹೊರಳುತ್ತದೆಂಬುದು
ಆಫೀಸಿನ ನಕ್ಷೆಯಲ್ಲಿಲ್ಲ, ನನ್ನ ಅಂಗಾಲಲ್ಲಿದೆ.
ರಾತ್ರಿ ಎರಡಕ್ಕೆ ಕಬ್ಬಿಣದ ಸರಳು ರಸ್ತೆಗೂರಿ
ತುದಿಗೆ ಕಿವಿಯಿಟ್ಟು ಸೋರಿಕೆ ಹುಡುಕಿದವನು.
ಅದಕ್ಕೇ ಕರೆಸಿದ: "ನೀವು ಲೈನ್ ನೋಡೋರಲ್ವಾ, ಬನ್ನಿ."

ಗೋಣಿತಾಟು ಹಾಸಿ ಅಡಿಗೆ ಜಾರಿದೆ.
ಬೆನ್ನಿಗೊಂದು ನಟ್ಟು ಒತ್ತುತ್ತಿತ್ತು, ತೆಗೆಯಲು ಸೋಮಾರಿತನ.
ಚಾಸಿಯ ಜಿಡ್ಡಿನಲ್ಲಿ ಅಂಟಿಕೊಂಡು
ಯಾವುದೋ ಮದುವೆಯ ಅಕ್ಷತೆ, ಎರಡೇ ಕಾಳು,
ಇನ್ನೂ ಹಳದಿ.
ಮೊದಲನೆಯದರ ಬೆನ್ನು ಹಿಡಿದೆ:
ಕ್ಲಿಪ್ಪು, ಕ್ಲಿಪ್ಪು, ಕ್ಲಿಪ್ಪು ಕಿತ್ತಲ್ಲಿ ಸೀರೆಯಂಚಿನ ಗಂಟು,
ಸೈಲೆನ್ಸರಿನ ಕಾವಿಗೆ ಹೆದರಿ ಪಕ್ಕಕ್ಕೆ ಸರಿದು
ಗಾಜಿನ ಬಟ್ಟಲಲ್ಲಿ ಕಸ ಉಗಿದು, ಪಂಪು.
ಎರಡನೆಯದು ಅದೇ ದಾರಿಯಲ್ಲಿ ಹಿಂದಕ್ಕೆ.

ಸರಿಯೋ ತಪ್ಪೋ ತಿಳಿಯಲು ಊದಬೇಕು.
ಈ ತುದಿಗೆ ನನ್ನ ಬಾಯಿ, ಆ ತುದಿಗೆ ದಸ್ತಗೀರ.
ಎಂಜಿನ್ನುಗಳ ಪಕ್ಕ ನಲವತ್ತು ವರ್ಷ ಬಾಳಿ
ಅವನ ಕಿವಿ ಎರಡೂ ಹೋಗಿವೆ.
ಪೈಪಿನ ಬಾಯನ್ನು ಕಣ್ಣರೆಪ್ಪೆಗೆ ಹಿಡಿದುಕೊಂಡ.
ಊದಿದೆ. ನಾಲಿಗೆಗೆ ಹಳಸಿದ ಪೆಟ್ರೋಲು,
ಯಾವ ಕಾಲದ್ದೋ, ವಾರ್ನಿಷಿನಂತೆ ಕಹಿ.
"ಬಂತು!" ಎಂದು ಕಿರುಚಿದ.

ಮೂರನೆಯದು ಎಂಜಿನ್ನಿನ ಕಡೆ ತಿರುಗಿಯೂ ನೋಡದೆ
ಕ್ಯಾಬಿನ್ನಿನ ಹಿಂಗೋಡೆಯ ಪೊಳ್ಳಿನಲ್ಲಿ ಮೇಲೇರಿ
ಕೊಡೆಯ ಹಿಡಿಯ ಹಾಗೆ ಬಾಗಿ ನಿಂತುಬಿಟ್ಟಿತ್ತು.
ಊದಿದೆ. ಗಾಳಿ ತಿರುಗಿ ನನ್ನ ಕೆನ್ನೆಗೇ ಬಂತು,
ಕಿವಿ ಗವ್ವೆಂದಿತು.

ಆಗ ನೆನಪಾದದ್ದು ಗವೀಪುರದ ದಿಬ್ಬ.
ಏರಿನ ತುದಿಯಲ್ಲಿದ್ದ ಏರ್ ವಾಲ್ವಿಗೆ ಯಾರೋ
ಅಡ್ಡ ಬರುತ್ತದೆಂದು ಸಿಮೆಂಟು ಮೆತ್ತಿದ್ದರು.
ಆಚೆ ಬೀದಿಗೆ ನಾಲ್ಕು ದಿನ ಹನಿ ನೀರಿಲ್ಲ.
ಕೊಡ ಬಡಿದು ಬೈದದ್ದು ನನ್ನನ್ನು.
ನೀರಿಗೆ ದಾರಿ ಮಾಡಿದರೆ ಸಾಲದು ಮಾರಾಯ,
ಗಾಳಿಗೂ ಮಾಡಬೇಕು.

ಸೈಕಲ್ಲಿನ ಬ್ರೇಕ್ ವೈರು ತೂರಿಸಿದೆ.
ಉದುರಿತು ಮಣ್ಣು, ಕಣಜ ಕಟ್ಟಿದ ಗೂಡು,
ಒಳಗೆ ಜೇಡದ ಒಣಗಾಲುಗಳು.
ಇಷ್ಟೇ.
ಬಿಸಿಲಿಗೆ ಎದ್ದ ಆವಿ ಆಚೆ ಹೋಗದೆ,
ಖರ್ಚಾದಷ್ಟು ಗಾಳಿ ಒಳಗೆ ಬಾರದೆ,
ತುಂಬಿದ ಟ್ಯಾಂಕು ಪೆಟ್ರೋಲನ್ನು ಬಿಗಿಹಿಡಿದು ಕೂರುತ್ತಿತ್ತು.
ಮುಚ್ಚಳವೂ ಮಿಲಿಟರಿಯದು, ಗಾಳಿಗೂ ಪಾಸು ಕೇಳುವಂಥದ್ದು.
ಒಂದು ಸಲ ತಿರುವಿದ್ದರೆ
ಹುಸ್ಸೆಂದು ತಾನೇ ಹೇಳಿಬಿಡುತ್ತಿತ್ತು ಪಾಪ.

"ಗೋವಿಂದಸ್ವಾಮಿಗೊಂದು ಫೋನು ಮಾಡೋಣವಾ?"
ತುಟಿ ನೋಡಿ ಅರ್ಥ ಮಾಡಿಕೊಂಡ ದಸ್ತಗೀರ:
"ಹುಚ್ಚಾ? ಲಾರಿ ವಾಪಸ್ ಕೇಳ್ತಾನೆ."

ಸಂಜೆ ಹಸಿರು ಡಬ್ಬಿ ಬಿಚ್ಚಿ, ಬ್ರಷ್ಷು ಅದ್ದಿದ.
ಈ ಮೂರನೆಯದನ್ನು ಬೇರೆ ಬಣ್ಣದಲ್ಲಿ ಬಿಡು ಎಂದೆ,
ಮುಂದಿನವನಿಗೆ ತಿಳಿಯಲಿ.
ಬೆನ್ನು ತಿರುಗಿಸಿದ್ದ, ಕೇಳಿಸಲಿಲ್ಲ.
ಭುಜ ತಟ್ಟಿ, ಪೈಪು ತೋರಿಸಿ,
ನನ್ನ ಕಣ್ಣರೆಪ್ಪೆ ಮುಟ್ಟಿಕೊಂಡೆ.